ಅತ್ತೆಯ ಗೊರಕೆ, ಮೂರನೇ ಪ್ರಯೋಗ

ಗ್ರಂಥಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಆ ಮನುಷ್ಯನನ್ನು ಗೆಳೆಯರು ತೇಪೆರಾಯ ಎಂದು ಕರೆಯುತ್ತಿದ್ದರು. ಹಗಲೆಲ್ಲ ಅವನ ಕೆಲಸ ಪ್ರಿಂಟರಿನಲ್ಲಿ ಸಿಕ್ಕಿಹಾಕಿಕೊಂಡ ಕಾಗದ ಎಳೆಯುವುದು, ಪಾಸ್‌ವರ್ಡ್ ಮರೆತ ಓದುಗರಿಗೆ ಹೊಸದು ಕೊಡುವುದು. ಸಂಜೆ ಮನೆಗೆ ಬಂದು ಊಟದ ಮೇಜಿನ ಮೂಲೆಯಲ್ಲಿ ತನ್ನ ಕಂಪ್ಯೂಟರು ತೆರೆದನೆಂದರೆ ಅವನೇ ಬೇರೆ. ಆಗ ಅವನು ಕರ್ನಲ್ಲಿಗೆ ತೇಪೆ ಹಾಕುತ್ತಿದ್ದ.

ಕರ್ನಲ್ ಎಂದರೆ ಕಂಪ್ಯೂಟರಿನ ಒಳಮನೆಯ ಯಜಮಾನಿ. ತೆರೆಯ ಮೇಲಿನ ಚಿತ್ರ, ಹಾಡು, ಪತ್ರ, ಯಾವುದಕ್ಕೇ ಆಗಲಿ ಮೆಷಿನ್ನಿನಿಂದ ಏನು ಬೇಕಾದರೂ ಅವಳ ಮೂಲಕವೇ ಕೇಳಬೇಕು. ಯಾರಿಗೆ ಎಷ್ಟು ಹೊತ್ತು ಒಲೆ ಬಿಟ್ಟುಕೊಡುವುದು, ಯಾರನ್ನು ಸಾಕು ಏಳು ಎನ್ನುವುದು, ಎಲ್ಲ ಅವಳ ಕೈಯಲ್ಲಿ. ಇವನು ಬಳಸುವ ಕರ್ನಲ್ಲನ್ನು ಪ್ರಪಂಚದ ಮೂಲೆಮೂಲೆಯ ಜನ ಸೇರಿ ಬರೆಯುತ್ತಾರೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಹಾಗೆ ತಿದ್ದಿ ಕಳಿಸುವ ತುಂಡಿಗೇ ಪ್ಯಾಚ್ ಎನ್ನುವುದು, ಅಂದರೆ ತೇಪೆ. ಯಾರೋ ತಂದ ತೇಪೆಯನ್ನು ದೊಡ್ಡವರು ಕಣ್ಣುಮುಚ್ಚಿ ಹೊಲಿದುಬಿಡುವುದಿಲ್ಲ. ಮೊದಲು ನಾಲ್ಕು ಜನ ಹಾಕಿ ನೋಡಬೇಕು, ಬಣ್ಣ ಬಿಡುವುದಿಲ್ಲ ಎಂದು ಗೊತ್ತಾಗಬೇಕು. ಅಂಥ ಹೊಸ ತೇಪೆಗಳನ್ನು ಆರಿಸಿ, ಗಂಟು ಕಟ್ಟಿ, ಧೈರ್ಯ ಇದ್ದವರು ಹಾಕಿ ನೋಡಿ ಎಂದು ಹಂಚುವವರಲ್ಲಿ ತೇಪೆರಾಯನೂ ಒಬ್ಬ.

ಅವನ ಗಂಟಿಗೆ ಗಿರಾಕಿಗಳಿದ್ದರು. ಅರ್ಧ ಜನ ತೇಪೆಗಾಗಿ ಬರುತ್ತಿದ್ದರು, ಅರ್ಧ ಜನ ಹೆಸರಿಗಾಗಿ. ಬೇರೆಯವರ ಗಂಟುಗಳಿಗೆ ಬರೀ ಅಂಕಿ ಅಕ್ಷರ. ಇವನು ಮಾತ್ರ ಪ್ರತಿಯೊಂದಕ್ಕೂ ಅಂಕಿಯ ಪಕ್ಕ ಒಂದು ಅಡ್ಡಹೆಸರಿಟ್ಟು, ಅದು ಯಾಕೆ ಬಂತೆಂದು ಎರಡು ಮಾತು ಬರೆಯುತ್ತಿದ್ದ. ‘ತಣ್ಣಗಾದ ಕಾಫಿ’, ‘ಲೈಬ್ರರಿಯನ್ನರ ಸೀನು’, ‘ಮಾವನ ಮೌನ’. ಎಲ್ಲ ಮನೆಯ, ಕಚೇರಿಯ ಸರಕೇ. ನಮ್ಮವರು ಇದನ್ನೆಲ್ಲ ಎಲ್ಲಿ ಓದುತ್ತಾರೆ ಎಂಬ ಧೈರ್ಯ ಅವನಿಗೆ.

ಹೀಗಿರುವಾಗ ಅತ್ತೆ ಬಂದರು. ಅವರ ಮನೆಗೆ ಬಣ್ಣ ಹೊಡೆಸುತ್ತಿದ್ದರು. ಬಣ್ಣದ ವಾಸನೆಗೆ ತಲೆನೋವು ಎಂದು ಅತ್ತೆ ಮಗಳ ಮನೆಗೆ ಬಂದರೆ, ಬಣ್ಣದವರನ್ನು ಕಾಯಲು ಮಾವ ಅಲ್ಲೇ ಉಳಿದರು. ಅತ್ತೆ ನಿವೃತ್ತ ಹೆಡ್ ನರ್ಸ್. ದೊಡ್ಡ ಆಸ್ಪತ್ರೆಯ ವಾರ್ಡೊಂದನ್ನು ಕಣ್ಸನ್ನೆಯಲ್ಲೇ ನಡೆಸಿದವರು. ಅವರು ಬಂದ ಮರುದಿನಕ್ಕೇ ಮನೆಯ ಟವೆಲ್ಲುಗಳೆಲ್ಲ ಒಂದೇ ಅಳತೆಗೆ ಮಡಚಿಕೊಂಡು ಕಪಾಟಿನಲ್ಲಿ ಸಾಲಾಗಿ ಕೂತವು. ತೇಪೆರಾಯ ಕಾಫಿ ಕುಡಿದ ಲೋಟವನ್ನು ಮೇಜಿನ ಮೇಲೆ ಬಿಡುವುದನ್ನು ಬಿಟ್ಟ. ಮಧ್ಯಾಹ್ನ ಊಟವಾದ ಮೇಲೆ ಮಾತ್ರ ಅತ್ತೆ ಸೋಫಾದ ಮೇಲೆ ಒರಗಿ ಒಂದು ನಿದ್ದೆ ತೆಗೆಯುತ್ತಿದ್ದರು. ಆ ನಿದ್ದೆಗೆ ಸದ್ದಿತ್ತು.

ಒಂದು ರಜೆಯ ಮಧ್ಯಾಹ್ನ ತೇಪೆರಾಯ ಆ ಸದ್ದು ಕೇಳುತ್ತಲೇ ಗಂಟು ಕಟ್ಟುತ್ತಿದ್ದ. ಗೊರಕೆ ಮೆಟ್ಟಿಲು ಹತ್ತುವಂತೆ ಏರಿ ಏರಿ, ತುದಿಗೆ ಹೋಗಿ ಟಕ್ಕನೆ ನಿಂತುಬಿಡುತ್ತಿತ್ತು. ಇವನ ಕೈಯೂ ನಿಲ್ಲುತ್ತಿತ್ತು. ಏನಾಯಿತಪ್ಪಾ ಎಂದು ಇವನು ಕತ್ತು ತಿರುಗಿಸುವಷ್ಟರಲ್ಲಿ ಮತ್ತೆ ಕೆಳಗಿನ ಮೆಟ್ಟಿಲಿನಿಂದ ಶುರು. ಅವನಿಗೆ ನಗು ಬಂತು, ನಗುವಿನ ಹಿಂದೆಯೇ ಹೆಸರೂ ಬಂತು. ‘ಅತ್ತೆಯ ಗೊರಕೆ’ ಎಂದು ಬರೆದು ಕೆಳಗೆ ಸೇರಿಸಿದ: ‘ನಿಂತೇಹೋಯಿತು ಅನ್ನಿಸುತ್ತದೆ, ಆದರೆ ನಿಲ್ಲುವುದಿಲ್ಲ. ನಮ್ಮ ಕರ್ನಲ್ಲೂ ಹಾಗೇ ಇರಲಿ.’

ಇಷ್ಟಕ್ಕೇ ಬಿಟ್ಟಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಅತ್ತೆ ತಮ್ಮ ತಂಗಿಯ ಜೊತೆ ಮುಖ ನೋಡಿ ಮಾತಾಡಲು ಒಂದು ಹಳೇ ಲ್ಯಾಪ್‌ಟಾಪು ತಂದಿದ್ದರು. ಹಿಂದೆ ಇವನೇ ಕೊಟ್ಟದ್ದು. ಅಷ್ಟು ಹಳೆಯ ಮೆಷಿನ್ನು ಈಗ ಇವನ ಹತ್ತಿರ ಇನ್ನೊಂದಿರಲಿಲ್ಲ. ಹಳೆಯದರ ಮೇಲೂ ಒಮ್ಮೆ ನೋಡಿಬಿಡೋಣ ಎಂದು, ಅತ್ತೆ ಸ್ನಾನಕ್ಕೆ ಹೋದ ಸಮಯ ಸಾಧಿಸಿ, ತನ್ನ ಹೊಸ ಕರ್ನಲ್ಲನ್ನು ಅದಕ್ಕೇ ಹಾಕಿಬಿಟ್ಟ. ಶುರು ಮಾಡಿ ನೋಡಿದ, ನಡೆಯಿತು. ಅಷ್ಟು ಸಾಕೆಂದು ಗಂಟನ್ನು ಲೋಕಕ್ಕೆಲ್ಲ ಹಂಚಿ ಕೈತೊಳೆದುಕೊಂಡ.

ವಾರ ಕಳೆದಿರಲಿಲ್ಲ. ಗ್ರಂಥಾಲಯದಲ್ಲಿ ಪ್ರಿಂಟರಿನ ಹೊಟ್ಟೆಯೊಳಗೆ ಕೈ ಹಾಕಿಕೊಂಡಿದ್ದಾಗ ಹೆಂಡತಿಯ ಫೋನು ಬಂತು. ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ, ಅವತ್ತು ರಜೆ.

“ಸಂಜೆ ಬೇಗ ಬನ್ನಿ. ಅಮ್ಮ ನಿಮ್ಮ ಹತ್ರ ಮಾತಾಡ್ಬೇಕಂತೆ.”

“ಯಾಕೆ, ಹುಷಾರಾಗಿದ್ದಾರಲ್ಲ?”

“ಅವರು ಹುಷಾರಾಗೇ ಇದ್ದಾರೆ. ನೀವು ಹುಷಾರು,” ಎಂದು ಅವಳು ಫೋನಿಟ್ಟಳು.

ಆದದ್ದು ಇಷ್ಟು. ದಿನವೂ ಲ್ಯಾಪ್‌ಟಾಪು ಶುರು ಮಾಡಿಕೊಡುವುದು, ಮಾತು ಮುಗಿದ ಮೇಲೆ ಆರಿಸಿಡುವುದು ಮಗಳ ಕೆಲಸ. ಬೆಳಿಗ್ಗೆ ಅತ್ತೆ ತಂಗಿಯ ಜೊತೆ ಮಾತಾಡುತ್ತ, ಒಲೆಯ ಮೇಲಿನ ಹಾಲು ನೆನಪಾಗಿ, ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಎದ್ದು ಹೋಗಿದ್ದರು. ಮುಚ್ಚಳ ಮುಚ್ಚಿದರೆ ಮೆಷಿನ್ನು ಮಲಗುತ್ತದೆ, ತೆಗೆದರೆ ಏಳಬೇಕು. ಏಳಲಿಲ್ಲ. ಗುಂಡಿ ಒತ್ತಿ ಹಿಡಿದು ಅದನ್ನು ಹೊಸದಾಗಿ ಶುರು ಮಾಡಿದರು. ಶುರುವಾಗುವಾಗ ಕಪ್ಪು ತೆರೆಯ ಮೇಲೆ ಸರಸರನೆ ಸಾಲುಗಳು ಓಡುತ್ತವೆ. ಲೋಕದಲ್ಲಿ ಯಾರೂ ಅದನ್ನು ಓದುವುದಿಲ್ಲ. ಅತ್ತೆ ಓದುತ್ತಾರೆ. ಓದದೆ ಯಾವ ಕಾಗದದ ಮೇಲೂ ಸಹಿ ಹಾಕಿದವರಲ್ಲ ಅವರು. ಇಂಗ್ಲಿಷ್ ಅಕ್ಷರಗಳ ನಡುವೆ ತಮ್ಮ ಮಾತಿನದೇ ಎರಡು ಪದ ಕಂಡವು. ಮಗಳನ್ನು ಕರೆದರು. ಮಗಳು ಆ ಎರಡು ಪದಗಳನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿದಳು. ತೇಪೆರಾಯನ ಗಿರಾಕಿಗಳು ಕಷ್ಟಸುಖ ಬರೆದುಕೊಳ್ಳುವ ಜಾಗ ತೆರೆದುಕೊಂಡಿತು.

ಇವನು ಬಾಗಿಲು ತಳ್ಳಿ ಒಳಗೆ ಬಂದಾಗ ಅಮ್ಮ ಮಗಳು ಊಟದ ಮೇಜಿನ ಒಂದು ಕಡೆ ಕೂತಿದ್ದರು. ಎದುರಿನ ಕುರ್ಚಿಯನ್ನು ಇವನಿಗೆಂದು ಎಳೆದಿಟ್ಟಿದ್ದರು.

“ಬನ್ನಿ ಅಳಿಯಂದ್ರೆ, ಕೂತ್ಕೊಳ್ಳಿ,” ಎಂದರು ಅತ್ತೆ.

ತೇಪೆರಾಯನಿಗೆ ಜೀವ ಹಾರಿತು. ಮಾಮೂಲಿಯಾಗಿ ಅವರು ‘ಏನಪ್ಪಾ’ ಎಂದು ಏಕವಚನದಲ್ಲೇ ಮಾತಾಡಿಸುವವರು. ಬಹುವಚನ ಬಂತೆಂದರೆ ಸೂಜಿಗೆ ಔಷಧ ತುಂಬುತ್ತಿದ್ದಾರೆ ಎಂದರ್ಥ.

“ಓದೇ,” ಎಂದರು ಮಗಳಿಗೆ.

ಹೆಂಡತಿ ನಗು ನುಂಗಿಕೊಂಡು, ಒಂದೊಂದನ್ನೂ ತಮ್ಮ ಮಾತಿಗೆ ತಿರುಗಿಸಿ ಓದಿದಳು. “‘ಅತ್ತೆಯ ಗೊರಕೆ ಮಲಗಿದರೆ ಏಳುವುದಿಲ್ಲ. ತಟ್ಟಿದರೂ ಇಲ್ಲ.’ ಇದು ಒಬ್ಬರು. ‘ಅತ್ತೆ ಬಂದ ಮೇಲೆ ಮೆಷಿನ್ನು ಬಿಸಿಯಾಗಿದೆ.’ ಇದು ಇನ್ನೊಬ್ಬರು. ‘ಮಾವನ ಮೌನವೇ ಚೆನ್ನಾಗಿತ್ತು. ಅತ್ತೆಯನ್ನು ತೆಗೆದು ಮಾವನಿಗೇ ವಾಪಸು ಹೋಗಿದ್ದೇನೆ, ಈಗ ನೆಮ್ಮದಿ.’ ‘ಅತ್ತೆಯನ್ನು ಪೂರ್ತಿ ತೆಗೆಯುವುದು ಹೇಗೆಂದು ಯಾರಾದರೂ ತಿಳಿಸುವಿರಾ? ತೆಗೆದೆ ಅಂದುಕೊಂಡರೂ ಮೆಷಿನ್ನು ಶುರುವಾದ ತಕ್ಷಣ ಅವಳೇ ಬಂದು ನಿಲ್ಲುತ್ತಾಳೆ.’”

“ಅದಕ್ಕೆ ಇವರ ಉತ್ತರ ಓದು.”

“‘ಕ್ಷಮಿಸಿ. ಅತ್ತೆಯ ವಿಷಯದಲ್ಲಿ ನಾನೂ ಇನ್ನೂ ಪ್ರಯೋಗದಲ್ಲೇ ಇದ್ದೇನೆ.’”

ತೇಪೆರಾಯ ಗಂಟಲು ಸರಿಮಾಡಿಕೊಂಡ. “ಅದು ಮೆಷಿನ್ನಿನ ಮಾತು ಅತ್ತೆ. ಅತ್ತೆ ಅಂದ್ರೆ ಅಲ್ಲಿ ಕರ್ನಲ್ಲು.”

“ಇರ್ಲಿ. ಈ ಸಾಲು ಏನು ಅಂತ ಬಿಡಿಸಿ ಹೇಳಿ.” ಅತ್ತೆ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದರು. ಅಲ್ಲಿ ಪೂರ್ತಿ ಹೆಸರಿತ್ತು: ಆರು, ನಾಲ್ಕು, ಆರ್‌ಸಿ ಎರಡು, ತೇ ಮೂರು, ಅತ್ತೆಯ ಗೊರಕೆ.

“ಆರು ನಾಲ್ಕು ಅಂದ್ರೆ ದೊಡ್ಡವರ ಕರ್ನಲ್ಲಿನ ನಂಬರು. ಹೋದ ಸಲದ್ದು ಆರು ಮೂರು, ಈಗ ಬರೋದು ಆರು ನಾಲ್ಕು.”

“ಬರೋದು ಅಂದ್ರೆ, ಇನ್ನೂ ಬಂದಿಲ್ವಾ?”

“ಅದಕ್ಕೇ ಪಕ್ಕದಲ್ಲಿ ಆರ್‌ಸಿ ಅಂತ ಇರೋದು. ಬಿಡುಗಡೆಗೆ ಮುಂಚೆ ಒಂದು, ಎರಡು, ಮೂರು ಅಂತ ಕರಡು ಬಿಡ್ತಾರೆ. ಇದು ಎರಡನೇ ಕರಡು. ಮಾತುಕತೆ ಆಗಿದೆ, ಮದುವೆ ಆಗಿಲ್ಲ ಅಂತ ಇಟ್ಕೊಳ್ಳಿ.”

“ತೇ ಅಂದ್ರೆ?”

“ನಾನು. ಅಂದ್ರೆ ನನ್ನ ಗಂಟು. ಬಾಲ ನೋಡಿದ್ರೆ ಯಾರು ಕಟ್ಟಿದ್ದು ಅಂತ ತಿಳೀಬೇಕು. ಕೆಟ್ಟರೆ ಯಾರನ್ನ ಬೈಬೇಕು ಅಂತ ಜನಕ್ಕೆ ಗೊತ್ತಿರುತ್ತೆ.”

“ಅದು ಒಳ್ಳೇದೇ. ಮೂರು?”

“ಮೂರನೇ ಸಲ ಕಟ್ಟಿದ್ದು. ಮೊದಲೆರಡು ಸರಿ ಹೋಗ್ಲಿಲ್ಲ.”

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಅಂದ್ರೆ ಹುಡುಗನಿಗೆ ಇನ್ನೂ ಮದುವೆ ಆಗಿಲ್ಲ. ಅವನ ಮೇಲೆ ನಿಮ್ಮ ಪ್ರಯೋಗ. ಅದೂ ಎರಡು ಸಲ ಕೆಟ್ಟು ಮೂರನೇ ಸಲ. ಅದನ್ನ ತಂದು, ನಾನು ಸ್ನಾನ ಮಾಡ್ತಿರುವಾಗ, ನನ್ನ ಮೆಷಿನ್ನಿಗೆ ಹಾಕಿದ್ದೀರಿ. ನಮ್ಮ ವಾರ್ಡಲ್ಲಿ ಹೊಸ ಮಾತ್ರೆ ಕೊಡ್ಬೇಕಾದ್ರೆ ರೋಗಿಯ ಒಪ್ಪಿಗೆ ತಗೋತಿದ್ವಿ. ಇಲ್ಲಿ ಒಪ್ಪಿಗೆ ಯಾರು ಕೊಟ್ರು?”

ತೇಪೆರಾಯ ಟೇಬಲ್ ಕ್ಲಾತಿನ ದಾರ ಎಳೆಯುತ್ತ ಕೂತ. ಅತ್ತೆ ಫೋನು ತೆಗೆದು ಗಂಡನಿಗೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ನಡುವೆ ಇಟ್ಟರು.

“ನೋಡಿ, ಒಂದು ಮಾತು ಕೇಳ್ತೀನಿ. ನಾನು ಗೊರಕೆ ಹೊಡೀತೀನಾ?”

ಆ ಕಡೆ ಬಹಳ ಹೊತ್ತು ಏನೂ ಇಲ್ಲ.

“ಲೈನ್ ಕಟ್ಟಾಯ್ತಾ?”

“ಇಲ್ಲ,” ಎಂದರು ಮಾವ. “ಬಣ್ಣದವರು ಕರೀತಿದ್ದಾರೆ.” ಫೋನು ಕಟ್ಟಾಯಿತು.

ಹೆಂಡತಿ ಮುಖ ಮುಚ್ಚಿಕೊಂಡು ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಅವಳು ನಕ್ಕದ್ದು ಇಲ್ಲಿಗೆ ಕೇಳಿಸಿತು. ಅತ್ತೆಯ ಬಾಯಂಚೂ ಒಂದಿಷ್ಟು ಅಲುಗಿತೋ ಏನೋ; ಇವನಿಗೆ ತಲೆಯೆತ್ತಿ ನೋಡುವ ಧೈರ್ಯವಾಗಲಿಲ್ಲ.

“ಹೆಸರು ತೆಗೆದುಬಿಡ್ತೀನಿ ಅತ್ತೆ,” ಎಂದ ಕೊನೆಗೆ.

“ತೆಗೆಯೋಕೆ ಬರುತ್ತಾ?”

ಬರುವುದಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ಒಮ್ಮೆ ಲೋಕಕ್ಕೆ ಹೋದ ಹೆಸರು ಹೋಯಿತು. ಅದೇ ಹೆಸರಿನ ಒಳಗೆ ಬೇರೆ ಸರಕು ತುಂಬಿದರೆ, ಯಾರ ಮೆಷಿನ್ನಿನಲ್ಲಿ ಯಾವುದಿದೆ ಎಂದು ಯಾರಿಗೂ ತಿಳಿಯದೆ ದೊಡ್ಡ ರಾದ್ಧಾಂತ. ಈ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಪಾಪವಿಲ್ಲ. ಸರಿ ಮಾಡಬೇಕೆಂದರೆ ಮುಂದಿನ ನಂಬರು ಹಾಕಿ ಹೊಸದನ್ನೇ ಬಿಡಬೇಕು.

“ಹಾಗಾದ್ರೆ ಬಿಡು,” ಎಂದರು ಅತ್ತೆ. ಏಕವಚನ ವಾಪಸು ಬಂದದ್ದಕ್ಕೆ ಇವನಿಗೆ ಹೋದ ಉಸಿರು ಬಂತು. “ಮಲಗಿದೋಳು ಏಳ್ಲಿಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದಾರೆ. ಎದ್ದಳು ಅಂತಾನೂ ಹೇಳ್ಲಿ. ನಾಳೆ ರಜೆ ಹಾಕು. ಮೆಷಿನ್ನು ನನ್ನದು, ನಾನೂ ಕೂತ್ಕೋತೀನಿ.”

ತೇಪೆರಾಯನಿಗೆ ರೋಗ ಎಲ್ಲಿದೆಯೆಂದು ಆಗಲೇ ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದ. ಅವನ ಗಂಟಿನಲ್ಲಿ ನಲವತ್ತು ಚಿಲ್ಲರೆ ತೇಪೆಗಳಿದ್ದವು. ಅವುಗಳಲ್ಲಿ ಒಂದು, ಮೆಷಿನ್ನಿನ ನಿದ್ದೆಗೇ ಸಂಬಂಧಪಟ್ಟದ್ದು, ದೂರದೇಶದ ಒಬ್ಬನದು. ಅವನ ಮುಖವನ್ನು ಇವನು ಪತ್ರಗಳ ಪಕ್ಕದ ಚಿಕ್ಕ ಚಿತ್ರದಲ್ಲಷ್ಟೇ ನೋಡಿದ್ದ. ಚಿತ್ರದ ತುಂಬ ಗಡ್ಡವೇ ಇತ್ತು. ಹಿಂದೆ ಒಂದೆರಡು ಸಲ ಗಡ್ಡದವನು ಇವನ ತಪ್ಪುಗಳನ್ನು ಎಲ್ಲರೆದುರು ಎತ್ತಿ ತೋರಿಸಿದ್ದ. ಅದು ಮನಸ್ಸಿನಲ್ಲಿತ್ತು. ಅವತ್ತು ಸಂಜೆಯೇ ಕೂತು, ನಿಮ್ಮ ತೇಪೆಯಿಂದ ನನ್ನ ಗಂಟಿಗೂ ನನ್ನ ಸಂಸಾರಕ್ಕೂ ಕೆಟ್ಟ ಹೆಸರು ಬಂತು, ಇನ್ನಾದರೂ ನೋಡಿ ಕಳಿಸಿ ಎಂದು ಗಡ್ಡದವನಿಗೆ ಎಲ್ಲರೂ ಓದುವ ಜಾಗದಲ್ಲೇ ಬರೆದು ಬಿಸಾಕಿದ. ಕೈ ಹಗುರವಾಯಿತು.

ಮರುದಿನ ಬೆಳಿಗ್ಗೆ ಮೊದಲು ಗಡ್ಡದವನ ತೇಪೆ ಕಿತ್ತು ಹೊಸ ಕರ್ನಲ್ಲು ತಯಾರಿಸಿದ. ಅತ್ತೆಯ ಲ್ಯಾಪ್‌ಟಾಪಿಗೆ ಹಾಕಿ, “ಈಗ ಏಳುತ್ತೆ ನೋಡಿ,” ಎಂದ. ಅತ್ತೆ ಮುಚ್ಚಳ ಮುಚ್ಚಿದರು, ಗೋಡೆಯ ಗಡಿಯಾರ ನೋಡಿದರು, ತೆಗೆದರು. ಕತ್ತಲೆ. ಜ್ವರ ನೋಡುವವರಂತೆ ಅಂಗೈಯನ್ನು ಮೆಷಿನ್ನಿನ ಮೇಲಿಟ್ಟು, “ಮೈ ಬಿಸಿ ಇದೆ, ಪ್ರಜ್ಞೆ ಇಲ್ಲ,” ಎಂದರು.

“ಹಾಗಿರೋಕೆ ಸಾಧ್ಯ ಇಲ್ಲ.”

“ಸಾಧ್ಯ ಇಲ್ಲ ಅಂತ ನಮ್ಮ ದೊಡ್ಡ ಡಾಕ್ಟರೂ ಹೇಳ್ತಿದ್ರು. ಯಾರ ತಪ್ಪು ಅಂತ ಮೊದಲೇ ತೀರ್ಮಾನ ಮಾಡ್ಕೊಂಡು ಹುಡುಕಿದ್ರೆ ಹೀಗೇ. ಗೊತ್ತಿಲ್ಲದೆ ಇದ್ದಾಗ ಏನು ಮಾಡ್ತೀರಿ ನೀವು?”

ಏನು ಮಾಡುತ್ತಾರೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಗಂಟನ್ನು ಎರಡು ಪಾಲು ಮಾಡಿ ಒಂದನ್ನು ಮಾತ್ರ ಹಾಕಿ ನೋಡುವುದು. ಮೆಷಿನ್ನು ಎದ್ದರೆ ಕಳ್ಳ ಇನ್ನೊಂದು ಪಾಲಿನಲ್ಲಿದ್ದಾನೆ, ಏಳದಿದ್ದರೆ ಇದರಲ್ಲೇ. ಆ ಪಾಲನ್ನು ಮತ್ತೆ ಎರಡು ಮಾಡುವುದು. ಹೀಗೆ ಅರ್ಧ ಮಾಡುತ್ತ ಹೋದರೆ ಕೊನೆಗೆ ಒಂದೇ ತೇಪೆ ಕೈಗೆ ಸಿಗುತ್ತದೆ. ಗೊತ್ತಿದ್ದೂ ಮಾಡದಿರಲು ಕಾರಣ ಸೋಮಾರಿತನ: ಒಂದೊಂದು ಸಲಕ್ಕೂ ಕರ್ನಲ್ಲು ತಯಾರಾಗುವಷ್ಟರಲ್ಲಿ ಒಂದು ಅಡುಗೆ ಮುಗಿಯುತ್ತಿತ್ತು.

ಅವತ್ತು ಹಾಗೇ ಆಯಿತು. ಒಂದು ಪಾಲು ತಯಾರಾಗುವಾಗ ಅತ್ತೆ ಪಲ್ಯ ಮಾಡಿದರು, ಇನ್ನೊಂದಕ್ಕೆ ಸಾರು ಕುದಿಯಿತು. ಪ್ರತಿ ಸಲವೂ ಬಂದು ಕೈ ಒರೆಸಿಕೊಂಡು, ಮುಚ್ಚಳ ಮುಚ್ಚಿ, ಕಾದು, ತೆಗೆದು, “ಇಲ್ಲ,” ಎಂದೇ ತೀರ್ಪು ಕೊಟ್ಟು ಹೋದರು. ಕನ್ನಡಕದ ಅಂಗಡಿಗೆ ಹೊರಟ ಹೆಂಡತಿ ಬಾಗಿಲಲ್ಲಿ ನಿಂತು, “ರೀ, ‘ತಣ್ಣಗಾದ ಕಾಫಿ’ ಅಂತ ಒಂದಿದೆಯಲ್ಲ, ಅದು ನಾವು ಪರದೆ ಬಣ್ಣಕ್ಕೆ ಜಗಳ ಆಡಿದ ದಿನದ್ದಾ?” ಎಂದು ಕೇಳಿದಳು. ಇವನು ಮೆಷಿನ್ನಿನಿಂದ ಕಣ್ಣು ಕೀಳಲಿಲ್ಲ. “ನಾನೂ ಹಾಗೇ ಅಂದ್ಕೊಂಡೆ,” ಎಂದು ಅವಳು ಹೋದಳು.

ಮಧ್ಯಾಹ್ನದ ಊಟದ ಹೊತ್ತಿಗೆ ಅನುಮಾನ ಕೆಲವೇ ತೇಪೆಗಳ ಮೇಲೆ ನಿಂತಿತ್ತು. ಅತ್ತೆ ತಟ್ಟೆ ಪಕ್ಕಕ್ಕೆ ಸರಿಸಿ ತೆರೆಯ ಕಡೆ ಬಗ್ಗಿದರು. “ಈ ಕೆಳಗಿರೋದನ್ನ ಪ್ರತಿ ಸಲ ಹಾಗೇ ಬಿಡ್ತಿದ್ದೀಯಲ್ಲ, ಇದ್ಯಾವುದು?”

“ಅದು ನಂದು. ಸುಮ್ನೆ ಎರಡು ಸಾಲು. ಅದನ್ನ ಮುಟ್ಟೋದು ಬೇಡ.”

“ಯಾಕೆ?”

“ಅದರಲ್ಲಿ ಏನೂ ಇಲ್ಲ ಅತ್ತೆ. ಚೆನ್ನಾಗಿ ಕಾಣ್ಲಿ ಅಂತ ಒಂದು ಕೆಲಸ ಹಿಂದೆ ಮುಂದೆ ಮಾಡಿದ್ದೆ, ಅಷ್ಟೇ.”

“ಡಾಕ್ಟರ ಮಗನಿಗೂ ಅದೇ ಸೂಜಿ. ತೆಗಿ.”

ತೆಗೆದ. ತಯಾರಾಗುವವರೆಗೆ ಇಬ್ಬರೂ ಪಾತ್ರೆ ತೊಳೆದರು. ಅವನು ಉಜ್ಜಿದ್ದನ್ನು ಅವರು ಇನ್ನೊಮ್ಮೆ ಉಜ್ಜಿದರು. ಆಮೇಲೆ ಅತ್ತೆ ಮುಚ್ಚಳ ಮುಚ್ಚಿ, ಎಂದಿಗಿಂತ ಸ್ವಲ್ಪ ಜಾಸ್ತಿಯೇ ಕಾದು, ತೆಗೆದರು. ಮೆಷಿನ್ನು ಕಣ್ಣುಬಿಟ್ಟಿತು. ಮತ್ತೆ ಮುಚ್ಚಿ ತೆಗೆದರು. ಬಿಟ್ಟಿತು. ಇವನು ಸೋಲೊಪ್ಪದೆ ಆ ಎರಡು ಸಾಲನ್ನು ವಾಪಸು ಹಾಕಿ ನೋಡಿದ. ಮಲಗಿತು, ಏಳಲಿಲ್ಲ.

ಅತ್ತೆ ತೊಳೆದ ಪಾತ್ರೆಗಳನ್ನು ಒರೆಸಿ ಜೋಡಿಸತೊಡಗಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ತೇಪೆರಾಯ ತನ್ನ ಎರಡು ಸಾಲನ್ನು ದಿಟ್ಟಿಸುತ್ತ ಕೂತ. ಮೆಷಿನ್ನು ಎಚ್ಚರವಾಗುವಾಗ ಮೊದಲು ತೆರೆ ಬೆಳಗಿಸಿ ಆಮೇಲೆ ಉಳಿದವರನ್ನು ಎಬ್ಬಿಸಬೇಕಿತ್ತು. ಅಚ್ಚುಕಟ್ಟಾಗಿ ಕಾಣಲೆಂದು ಇವನು ಅದನ್ನು ತಿರುವುಮುರುವು ಮಾಡಿದ್ದ. ಹೊಸ ಮೆಷಿನ್ನುಗಳು ಹೇಗೋ ಸುಧಾರಿಸಿಕೊಂಡವು. ಹಳೆಯವು ಕತ್ತಲಲ್ಲೇ ಎಡವಿ ಬಿದ್ದವು.

“ಇನ್ನೊಂದು ಇದೆ ಅತ್ತೆ,” ಎಂದ ಮೆಲ್ಲಗೆ. “ಆ ಗಡ್ಡದವನಿಗೆ ನಿನ್ನೆ ಬೈದು ಬರೆದುಬಿಟ್ಟಿದ್ದೀನಿ.”

“ಎಲ್ಲರೆದುರಿಗಾ?”

“ಹೂಂ.”

“ಹಾಗಾದ್ರೆ ತಪ್ಪಾಯ್ತು ಅನ್ನೋದೂ ಎಲ್ಲರೆದುರಿಗೇ. ಬರಿ. ನಾನು ಕಾಫಿ ಮಾಡ್ತೀನಿ.”

ಬರೆದ. ಗಡ್ಡದವನಿಗೆ ಬರೆಯುವ ಆ ನಾಲ್ಕು ಸಾಲು ನಲವತ್ತು ತೇಪೆಗಿಂತ ಭಾರವಾಯಿತು. ಎರಡು ಲೋಟ ಕಾಫಿ ಖಾಲಿಯಾದವು. ತಪ್ಪು ತನ್ನದೇ ಎಂದೂ, ಹುಡುಕಿಸಿದವರು ತನ್ನ ಅತ್ತೆ ಎಂದೂ ಬರೆದು, ಕಣ್ಣುಮುಚ್ಚಿ ಕಳಿಸಿದ. ಕತ್ತಲಾಗುವ ಮೊದಲೇ ಉತ್ತರ ಬಂತು. ‘ಪರವಾಗಿಲ್ಲ. ಹೋದ ವರ್ಷ ನಾನೂ ಇಂಥದ್ದೇ ಮಾಡಿ ಇನ್ನೊಬ್ಬನನ್ನು ಬೈದಿದ್ದೆ, ನನಗೆ ಹೇಳುವವರಿರಲಿಲ್ಲ. ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ. ನನ್ನ ತೇಪೆಯನ್ನು ದೊಡ್ಡ ಕರ್ನಲ್ಲಿಗೆ ಕಳಿಸುತ್ತಿದ್ದೇನೆ. ಪರೀಕ್ಷೆ ಮಾಡಿದವರ ಹೆಸರು ಸೇರಿಸುವುದು ಪದ್ಧತಿ. ಅವರ ಪೂರ್ತಿ ಹೆಸರು ತಿಳಿಸಿ. ಬರೀ ಅತ್ತೆ ಎಂದರೆ ಒಪ್ಪುವುದಿಲ್ಲ.’

ತೇಪೆರಾಯ ಓದಿ ಹೇಳಿದ. ಅತ್ತೆ ನೆಟ್ಟಗೆ ಕೂತರು. “ಎಲ್ಲಿ ಬರುತ್ತೆ ಹೆಸರು?”

“ಕರ್ನಲ್ಲಿನ ಚರಿತ್ರೆಯಲ್ಲಿ. ಅದು ಇರೋವರೆಗೂ ಇರುತ್ತೆ. ಯಾರೂ ಅಳಿಸೋ ಹಾಗಿಲ್ಲ.”

ಅತ್ತೆ ತಮ್ಮ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿ ಬರೆಸಿದರು, ತಂದೆಯ ಹೆಸರಿನ ಮೊದಲಕ್ಷರ ಸಮೇತ. ನಿವೃತ್ತ ಹೆಡ್ ನರ್ಸ್ ಎಂದೂ ಸೇರಿಸು ಎಂದರು. ಹುದ್ದೆ ಬರೆಯುವ ಪದ್ಧತಿ ಇಲ್ಲ ಎಂದು ಒಪ್ಪಿಸಲು ಸಾಕುಬೇಕಾಯಿತು.

ಸರಿಪಡಿಸಿದ ಗಂಟಿಗೆ ಏನು ಹೆಸರಿಡಲಿ ಎಂದು ಈ ಸಲ ಅವನು ಕೇಳಿಯೇ ಕೇಳಿದ. ಅತ್ತೆ ಹೆಚ್ಚು ಯೋಚಿಸಲಿಲ್ಲ. “ಅಳಿಯನ ಎರಡು ಸಾಲು,” ಎಂದರು. ತೇ ನಾಲ್ಕು ಆ ಹೆಸರಿನಲ್ಲೇ ಹೊರಟಿತು. ಕಾರಣ ಬರೆಯುವ ಜಾಗದಲ್ಲಿ ಅವನು ಆದದ್ದನ್ನೆಲ್ಲ ಆದ ಹಾಗೇ ಬರೆದ. ಅಷ್ಟು ಉತ್ತರಗಳು ಅವನಿಗೆ ಹಿಂದೆಂದೂ ಬಂದಿರಲಿಲ್ಲ. ಅರ್ಧಕ್ಕರ್ಧ ಅತ್ತೆಯನ್ನು ಉದ್ದೇಶಿಸಿ ಬರೆದವು. ಅವನ್ನು ಅವರು ತಂಗಿಗೆ ಫೋನಿನಲ್ಲಿ ಓದಿ ಹೇಳಿದರು.

ಬಣ್ಣ ಒಣಗಿತೆಂದು ಮಾವನಿಂದ ಸುದ್ದಿ ಬಂದ ದಿನ ಅತ್ತೆ ಪೆಟ್ಟಿಗೆ ಕಟ್ಟಿದರು. ಲ್ಯಾಪ್‌ಟಾಪು ಅಳಿಯನ ಕೈಗೆ ಕೊಟ್ಟು, “ಇದಕ್ಕೆ ಬಾಲ ಇಲ್ಲದ್ದು ಹಾಕಿಕೊಡು. ಮದುವೆ ಆಗಿ, ಮಕ್ಕಳಾಗಿ, ನೆಟ್ಟಗೆ ಸಂಸಾರ ಮಾಡ್ತಿರೋದು,” ಎಂದರು. ಅವನು ಆರು ಮೂರರ ಪಕ್ಕಾ ಬಿಡುಗಡೆಯನ್ನು, ಬರೀ ಅಂಕಿಯದನ್ನು, ಅವರೆದುರೇ ಹಾಕಿಕೊಟ್ಟ. ಅವರು ಓದಿ, ಸರಿಯಿದೆ ಎಂದು ತಲೆಯಾಡಿಸಿ, ಚೀಲಕ್ಕೆ ಹಾಕಿಕೊಂಡರು.

ತಿಂಗಳು ಕಳೆದಿರಬೇಕು. ಒಂದು ಸಂಜೆ ಅವನಿಗೇ ನೇರ ಫೋನು ಬಂತು.

“ಹೇಗಿದ್ದೀಯಪ್ಪಾ?”

“ಚೆನ್ನಾಗಿದ್ದೀನಿ ಅತ್ತೆ. ಮೆಷಿನ್ನು ಹೇಗಿದೆ?”

“ಅದಕ್ಕೇನು ರೋಗ. ಮುಚ್ಚಿದ್ರೆ ಮಲಗುತ್ತೆ, ತೆಗೆದ್ರೆ ಏಳುತ್ತೆ.” ಅತ್ತೆ ದನಿ ತಗ್ಗಿಸಿದರು. “ದಿನಾ ಅದೇ ಕಣಪ್ಪ. ನಿನ್ನ ಹತ್ರ ಹೊಸ ಗಂಟು ಏನಾದ್ರೂ ಇದೆಯಾ?”

“ಇದೆ ಅತ್ತೆ. ಆದ್ರೆ ಇನ್ನೂ ಯಾರೂ ಹಾಕಿ ನೋಡಿಲ್ಲ. ಏನಾದ್ರೂ ಕೆಡಬಹುದು.”

“ಕೆಡ್ಲಿ. ಒಪ್ಪಿಗೆ ಕೊಟ್ಟಿದ್ದೀನಿ,” ಎಂದರು ಅತ್ತೆ. “ಭಾನುವಾರ ಬಾ. ಊಟಕ್ಕೇ ಬಂದುಬಿಡು, ಹೇಗೂ ಅದು ತಯಾರಾಗೋಕೆ ಹೊತ್ತು ಹಿಡಿಯುತ್ತಲ್ಲ.”